ಸ್ವೆಟರ್ ಮಾರೋರು, ಹಾಲಿನ ಪುಡಿ ಮತ್ತು ಅಮ್ಮನ ಸಂಘ

ತುಂಬ ದಿನದಿಂದ ಬ್ಲಾಗ್ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸು, ರಾತ್ರಿ ಹೊತ್ತು ಕಾಲ್‌ಗಳು... ನೆಪಗಳಿಗೇನು ಬರ ಬಿಡಿ. ಈ ಸಲ ನನ್ನನ್ನು ಬರೆಯೋಕೆ ಕೂರಿಸಿದ್ದು ಮನೆಯಲ್ಲಿ ನಡೆದ ಒಂದು ಸಣ್ಣ ವಾದ.

ಪ್ರತಿ ವರ್ಷ ಸೆಪ್ಟೆಂಬರ್ 8ಕ್ಕೆ ಹರಿಹರದಲ್ಲಿ ಆರೋಗ್ಯ ಮಾತೆಯ ಹಬ್ಬ. ನಮ್ಮಜ್ಜಿಯ ಊರು ಹರಿಹರವೇ. ಹರಿಹರೇಶ್ವರನಿಗೆ ಕೈ ಮುಗಿದು, ತುಂಗಭದ್ರೆಗೆ ನಮಸ್ಕಾರ ಹಾಕಿ, ಆರೋಗ್ಯ ಮಾತೆಗೂ ಒಂದು ಮೇಣದಬತ್ತಿ ಹಚ್ಚಿ ಬರೋದು ಅವರ ಲೆಕ್ಕದಲ್ಲಿ ಒಂದೇ ಕೆಲಸ. ಕಳೆದ ಹಬ್ಬಕ್ಕೆ ನಾನೂ ಜೊತೆಗೆ ಹೋಗಿದ್ದೆ. ವಾಪಸ್ ದಾವಣಗೆರೆಗೆ ಬಂದು ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೂತಾಗ ದೊಡ್ಡಪ್ಪ ಶುರು ಮಾಡಿದರು.

"ಈ ಮಿಷನರಿಗಳು ಏನ್ ಕೊಟ್ರೂ ಸುಮ್ನೆ ಕೊಡಲ್ಲಪ. ಕೊನಿಗೆ ಮತಾಂತರಕ್ಕೇ ಬಂದು ನಿಲ್ತೈತಿ."

"ಎಲ್ಲಾ ಕಡೆ ಹಂಗಿರಲ್ಲ ದೊಡ್ಡಪ್ಪ" ಅಂದೆ.

"ಹಂಗಿಲ್ಲದ್ದು ಒಂದು ತೋರ್ಸು ನೋಡಾನ."

ಥಟ್ ಅಂತ ಒಂದೂ ನೆನಪಾಗಲಿಲ್ಲ. ಸೋತೆ!

ಉತ್ತರದ ತುದಿ ಸಿಕ್ಕಿದ್ದು ಮೂರು ತಿಂಗಳಾದ ಮೇಲೆ, ಸ್ವೆಟರ್ ಅಂಗಡಿಯಲ್ಲಿ. ದಾವಣಗೆರೆಯ ಚಳಿ ಎಷ್ಟಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಆದರೂ ಚಳಿಗಾಲದಲ್ಲಿ ರಸ್ತೆ ಬದಿಗೆ ಸ್ವೆಟರ್ ರಾಶಿ ಹಾಕಿಕೊಂಡು ಕೂರುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನಾವು ಹುಡುಗರೆಲ್ಲ ಅವರನ್ನು "ನೇಪಾಳದೋರು" ಅಂತಿದ್ವಿ. ಈ ಸಲ ಅಜ್ಜಿಗೆ ಸ್ವೆಟರ್ ಕೊಳ್ಳುವಾಗ ಅಂಗಡಿಯ ಹಿರಿಯ ಹೆಂಗಸನ್ನು ಕೇಳಿಯೇಬಿಟ್ಟೆ. "ನೇಪಾಳ ಅಲ್ಲ ತಮ್ಮಾ, ಮುಂಡಗೋಡ. ನಾ ಅಲ್ಲೇ ಹುಟ್ಟೀನಿ" ಅಂದರು, ನನಗಿಂತ ಚೆಂದದ ಕನ್ನಡದಲ್ಲಿ. ಸ್ವೆಟರ್ ಅವರು ಹೆಣೆದದ್ದಲ್ಲವಂತೆ, ಲೂಧಿಯಾನದ ಮಾಲು. ಮಾತಿಗೆ ಮಾತು ಬೆಳೆದು, "ನಮ್ಮಪ್ಪ ಬಂದಾಗ ಅಲ್ಲಿ ಬರೀ ಕಾಡಿತ್ತು. ಹೊರದೇಶದ ಹಾಲಿನ ಪುಡಿ ಕುಡಿದು ದಿನ ತೆಗೆದೀವಿ ಅಂತಿದ್ರು" ಅಂದರು.

ಯಾರು ಕೊಟ್ಟ ಹಾಲಿನ ಪುಡಿ ಅದು? ತಲೆಯಲ್ಲಿ ಹುಳ ಹೊಕ್ಕಿತು. ಕೂತು ಓದಿದೆ.

1959ರ ಮಾರ್ಚ್ 31ರಂದು ದಲಾಯಿ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ನಡೆದು ಬಂದರು. ಅಸ್ಸಾಮಿನ ಮಿಸ್ಸಾಮಾರಿಯಲ್ಲಿ ಬಿದಿರಿನ ಗುಡಿಸಲುಗಳ ಶಿಬಿರ, ಬಂಗಾಳದ ಬಕ್ಸಾದಲ್ಲಿ ಸನ್ಯಾಸಿಗಳ ಶಿಬಿರ. ಹಿಮದ ನಾಡಿನವರಿಗೆ ಆ ಸೆಕೆ ತಡೆಯಲಿಲ್ಲ, ಕಾಯಿಲೆ ಬಿದ್ದು ಬಹಳ ಜನ ಸತ್ತರು. ಗಟ್ಟಿಮುಟ್ಟಾದವರನ್ನು ಹಿಮಾಲಯದ ರಸ್ತೆ ಕೆಲಸಕ್ಕೆ ಹಚ್ಚಿದರು. ಇವರನ್ನು ಒಂದು ಕಡೆ ನೆಲೆ ನಿಲ್ಲಿಸಬೇಕು ಅಂತ ನೆಹರೂ ರಾಜ್ಯಗಳಿಗೆ ಕೇಳಿಕೊಂಡಾಗ ಮುಂದೆ ಬಂದದ್ದು ನಮ್ಮ ಮೈಸೂರು ರಾಜ್ಯ. ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂದು ಟೆಂಟ್ ಹಾಕಿತು. ಕಾಡು ಕಡಿಯಬೇಕು, ಆನೆ ಕಾಯಬೇಕು, ಕಂಡರಿಯದ ಮೆಕ್ಕೆಜೋಳ ಬಿತ್ತಬೇಕು. 1966ರಲ್ಲಿ ಮುಂಡಗೋಡು ಶುರುವಾಯಿತು, ಆಮೇಲೆ ಹುಣಸೂರು, ಕೊಳ್ಳೇಗಾಲ.

ಇಲ್ಲಿ ನಮ್ಮೂರಿನ ಒಂದು ಎಳೆ ಇದೆ. ಟಿಬೆಟಿಯನ್ನರು ಇವತ್ತಿಗೂ ನೆನೆಯುವ ಹೆಸರು ಎಸ್. ನಿಜಲಿಂಗಪ್ಪನವರದ್ದು. ಅವರು ದಾವಣಗೆರೆಯಲ್ಲಿ ಓದಿ ಬೆಳೆದವರು. 1997ರವರೆಗೆ ದಾವಣಗೆರೆ ಇದ್ದದ್ದೂ ಅವರ ಚಿತ್ರದುರ್ಗ ಜಿಲ್ಲೆಯಲ್ಲೇ. ಚಿತ್ರದುರ್ಗದ ಹತ್ತಿರ ಸೀಬಾರದಲ್ಲಿರುವ ಅವರ ಸ್ಮಾರಕವನ್ನು 2011ರಲ್ಲಿ ಉದ್ಘಾಟಿಸಿದ್ದು ದಲಾಯಿ ಲಾಮಾ ಅವರೇ. ಆದರೆ ಇಸವಿ ಕೂಡಿಸಿ ನೋಡಿದರೆ ಒಂದು ಸಣ್ಣ ತಿದ್ದುಪಡಿ ಬೇಕಾಗುತ್ತದೆ. ಬೈಲಕುಪ್ಪೆಗೆ ಮೊದಲ ತಂಡ ಬಂದಾಗ ಮುಖ್ಯಮಂತ್ರಿ ಬಿ.ಡಿ. ಜತ್ತಿ. ಮುಂಡಗೋಡಿನ ಹೊತ್ತಿಗೆ ನಿಜಲಿಂಗಪ್ಪ. ಜತ್ತಿಯವರಿಗೂ ಒಂದು ಪಾಲು ಸಲ್ಲಬೇಕಲ್ವಾ?

ಸರಿ, ಹಾಲಿನ ಪುಡಿಗೆ ಬರೋಣ. ನಿರಾಶ್ರಿತರಿಗೆ ಬರುವ ನೆರವನ್ನೆಲ್ಲ ಒಂದೇ ಕಡೆ ಸೇರಿಸಿ ಹಂಚೋಕೆ 1959ರಲ್ಲೇ ಒಂದು ಕೇಂದ್ರ ಪರಿಹಾರ ಸಮಿತಿ ಆಯಿತು. ಅಧ್ಯಕ್ಷರು ಆಚಾರ್ಯ ಜೆ.ಬಿ. ಕೃಪಲಾನಿ. ಈ ಸಮಿತಿಗೆ ಹಿಟ್ಟು, ಹಾಲಿನ ಪುಡಿ, ಬಟ್ಟೆ, ಔಷಧಿ ಕಳಿಸಿದವರಲ್ಲಿ ಚರ್ಚ್ ವರ್ಲ್ಡ್ ಸರ್ವಿಸ್ ಮತ್ತು ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಎರಡೂ ಇದ್ದವು. ಮೊದಲನೆಯದು ಅಮೆರಿಕದ ಪ್ರಾಟೆಸ್ಟೆಂಟ್ ಮೊದಲಾದ ಚರ್ಚುಗಳು 1946ರಲ್ಲಿ ಸೇರಿ ಕಟ್ಟಿದ್ದು. ಎರಡನೆಯದು ಅಲ್ಲಿನ ಕ್ಯಾಥೊಲಿಕ್ ಬಿಷಪ್ಪರು 1943ರಲ್ಲಿ ಯುದ್ಧದ ನಿರಾಶ್ರಿತರಿಗಾಗಿ ಶುರು ಮಾಡಿದ್ದು. ಅವುಗಳ ಜೊತೆಗೆ ಕೇರ್ ಕೂಡ ಇತ್ತು. ಕೇರ್ ಚರ್ಚಿನದ್ದಲ್ಲ. ಹೌದು, ನಮ್ಮ ಅಪ್ಪಂದಿರು ಶಾಲೆಯಲ್ಲಿ ತಿಂದ ಕೇರ್ ಉಪ್ಪಿಟ್ಟಿನ ಕೇರ್!

ನಮ್ಮ ದೇಶದ ಚರ್ಚುಗಳಿಗೂ ನಿರಾಶ್ರಿತರ ಕೆಲಸ ಹೊಸದಾಗಿರಲಿಲ್ಲ. 1947ರಲ್ಲಿ ದೇಶ ಒಡೆದಾಗ ಓಡಿ ಬಂದವರಿಗಾಗಿ ಅವು ಮಾಡಿಕೊಂಡ ಪರಿಹಾರ ಸಮಿತಿಯೇ ಮುಂದೆ ಕಾಸಾ ಅನ್ನೋ ಸಂಸ್ಥೆಯಾಯಿತು.

ಹಾಗಾದರೆ ದೊಡ್ಡಪ್ಪ ಹೇಳಿದ್ದು ಪೂರ್ತಿ ಸುಳ್ಳಾ? ಇಲ್ಲ. ಆ ಗೋಧಿ, ಹಾಲಿನ ಪುಡಿಯ ಬಹುಪಾಲು ಅಮೆರಿಕದಲ್ಲಿ ಬೆಳೆದು ಮಿಕ್ಕಿದ್ದು. ಚೀನಾ ವಿರುದ್ಧದ ರಾಜಕೀಯವೂ ಅದರೊಳಗಿತ್ತು. ಸುಮ್ಮನೆ ಯಾರೂ ಕೊಡಲ್ಲ ಅನ್ನೋದರಲ್ಲಿ ಅಷ್ಟು ನಿಜ ಇದೆ. ಮತಾಂತರದ ಮಾತೂ ಗಾಳಿಯಿಂದ ಹುಟ್ಟಿದ್ದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ನೋಡಿ. ಮತ ಬದಲಿಸಿದವರು ಮನೆ, ಜಾತಿ, ಕಸುಬು ಎಲ್ಲ ಕಳೆದುಕೊಂಡಾಗ ಅವರಿಗೆ ಕೆಲಸ ಬೇಕು ಅಂತ ನೇಯ್ಗೆ ಶುರು ಮಾಡಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿತು. ಅಲ್ಲಿ ಧರ್ಮ, ಅನ್ನ ಎರಡೂ ಒಂದೇ ಕೈಯಲ್ಲಿದ್ದವು.

ಮುಂಡಗೋಡು, ಬೈಲಕುಪ್ಪೆಯಲ್ಲಿ ಹಾಗಾಗಲಿಲ್ಲ. ಯಾಕೆ ಅಂತ ಯೋಚಿಸಿದರೆ ನನಗೆ ಕಾಣೋದು ಇಷ್ಟು. ಜಮೀನು ಕೊಟ್ಟಿದ್ದು ರಾಜ್ಯ ಸರ್ಕಾರ. ಹಂಚಿದ್ದು ಕೃಪಲಾನಿಯವರ ಸಮಿತಿ. ಮಕ್ಕಳ ಶಾಲೆಗೆ 1961ರಲ್ಲಿ ಕೇಂದ್ರ ಸರ್ಕಾರವೇ ಟಿಬೆಟಿಯನ್ ಶಾಲೆಗಳ ಸೊಸೈಟಿ ಮಾಡಿತು, ಅಲ್ಲಿ ಅವರ ಭಾಷೆಯನ್ನೂ ಕಲಿಸಿದರು. ಕುಟುಂಬಗಳನ್ನು ಅಲ್ಲೊಂದು ಇಲ್ಲೊಂದು ಚೆಲ್ಲದೆ ಊರಿಗೆ ಊರೇ ಒಟ್ಟಿಗೆ ನೆಲೆಸುವಂತೆ ನೋಡಿಕೊಂಡರು. ಕೊಟ್ಟವನ ಕೈ ಇಸಕೊಂಡವನ ತಲೆ ಮೇಲೆ ಬರದ ಹಾಗೆ ನಡುವೆ ಇಷ್ಟೆಲ್ಲ ಇತ್ತು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದರೆ ಡಿಸೈನ್ ಸರಿ ಇತ್ತು. ಚರ್ಚುಗಳೂ ಈ ಷರತ್ತಿಗೆ ಒಪ್ಪಿಯೇ ಕೊಟ್ಟವು. ಅದೇನು ಸಣ್ಣ ಮಾತಲ್ಲ.

ಫಲಿತಾಂಶ ಕಣ್ಣ ಮುಂದಿದೆ. ಹಾವೇರಿ, ಬಂಕಾಪುರ ದಾಟಿ ಮುಂಡಗೋಡಿಗೆ ಒಮ್ಮೆ ಹೋಗಿ ಬನ್ನಿ. ಟಿಬೆಟ್‌ನಲ್ಲಿ ಮುರಿದು ಬಿದ್ದ ದ್ರೆಪುಂಗ್, ಗಂಡೆನ್ ಮಠಗಳು 1969ರ ಸುಮಾರಿಗೆ ಅಲ್ಲಿ ಮತ್ತೆ ಎದ್ದವು. ಸೆರಾ ಮಠ ಬೈಲಕುಪ್ಪೆಯಲ್ಲಿ ಎದ್ದಿತು. ಚರ್ಚಿನ ಹಾಲಿನ ಪುಡಿ ಕುಡಿದ ಮಕ್ಕಳು ಬೌದ್ಧ ಮಠ ಕಟ್ಟಿದರು!

ಕಥೆ ಇಲ್ಲಿಗೇ ಮುಗಿಯಲ್ಲ. ಸುತ್ತಮುತ್ತಲ ಹಳ್ಳಿಯ ಜಮೀನಿಲ್ಲದ ಬಡವರು ಇದನ್ನೆಲ್ಲ ನೋಡಿ "ಪರದೇಶದೋರಿಗೆ ಭೂಮಿ, ನಮಗೇನು?" ಅಂತ ಕೇಳಿದರೆ ತಪ್ಪು ಅನ್ನೋಕಾಗುತ್ತಾ? ಟಿಬೆಟಿಯನ್ನರ ಪುನರ್ವಸತಿಗೆಂದೇ 1968ರಲ್ಲಿ ಮೈಸೂರು ರೀಸೆಟ್ಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ ಅನ್ನೋ ಸಂಸ್ಥೆ ಹುಟ್ಟಿತ್ತು. ಚಿಕ್ಕದಾಗಿ ಮೈರಾಡ. ಇದು ಚರ್ಚಿನ ಸಂಸ್ಥೆಯಲ್ಲ. ಟಿಬೆಟಿಯನ್ನರು ತಮ್ಮ ಕಾಲ ಮೇಲೆ ನಿಂತ ಮೇಲೆ ಅದು ನಮ್ಮ ಹಳ್ಳಿಗಳ ಕಡೆ ತಿರುಗಿತು. 1984-85ರ ಹೊತ್ತಿಗೆ ದೊಡ್ಡ ಸಹಕಾರ ಸಂಘಗಳು ಒಡೆದು ಹೋದಾಗ, ಒಬ್ಬರನ್ನೊಬ್ಬರು ನಂಬುವ ಸಣ್ಣ ಸಣ್ಣ ಗುಂಪುಗಳು ಅದರ ಕೈಕೆಳಗೆ ಬೆಳೆದವು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ತಂದಿತು. 2000ದಲ್ಲಿ ನಮ್ಮ ಸರ್ಕಾರದ ಸ್ತ್ರೀಶಕ್ತಿ ಬಂತು. ನಮ್ಮಮ್ಮ ಪ್ರತಿ ವಾರ ಪಾಸ್‌ಬುಕ್ ಹಿಡಿದು ಹೋಗುವ ಸಂಘದ ಬೇರು ಹುಡುಕುತ್ತಾ ಹೋದರೆ ಒಂದು ಬೇರು ಆ ಟೆಂಟುಗಳ ಹತ್ತಿರ ಹೋಗಿ ಮುಟ್ಟುತ್ತದೆ. ನಾನು ಹುಟ್ಟೋಕೆ ಮುಂಚೆ ಯಾರದೋ ನೆಲೆಗಾಗಿ ಶುರುವಾದ ಕೆಲಸ, ನನ್ನ ಮೊದಲ ಸೆಮಿಸ್ಟರ್ ಫೀಸಿಗೆ ಅಮ್ಮ ಸಂಘದಿಂದ ಎತ್ತಿದ ಸಾಲವಾಗಿ ನಮ್ಮ ಮನೆಗೂ ಬಂತು.

ಇಷ್ಟನ್ನೂ ಮೊನ್ನೆ ಊರಿಗೆ ಹೋದಾಗ ದೊಡ್ಡಪ್ಪನ ಮುಂದೆ ಹರಡಿದೆ. ಪೂರ್ತಿ ಕೇಳಿದರು. ಆಮೇಲೆ "ಒಂದು ಸಿಕ್ತು ಅಂತ ಎಲ್ಲಾ ಹಂಗೇ ಅನ್ಬ್ಯಾಡ" ಅಂದರು. ಒಪ್ಪಿದೆ. "ನೀವೂ ಒಂದು ಕೆಟ್ಟದ್ದು ಸಿಕ್ತು ಅಂತ ಎಲ್ಲಾ ಹಂಗೇ ಅನ್ಬ್ಯಾಡ್ರಿ" ಅಂದೆ. ನಕ್ಕರು. ಅಜ್ಜಿ ಮಾತ್ರ ಹೊಸ ಸ್ವೆಟರ್ ಹಾಕ್ಕೊಂಡು, "ಮುಂದಿನ ಹಬ್ಬಕ್ಕೂ ಬರ್ತೀಯೇನೋ?" ಅಂತ ಕೇಳಿದರು.

ನಿಮ್ಮೂರಲ್ಲೂ ಸ್ವೆಟರ್ ಮಾರೋರು ಬರ್ತಾರಾ? ಬಂದರೆ ಯಾವ ಕ್ಯಾಂಪಿನವರು ಅಂತ ಒಂದು ಮಾತು ಕೇಳಿ ನೋಡಿ. ಅವರು ಏನಂದರು ಅಂತ ಇಲ್ಲೂ ಬರೀರಿ.