ತುಂಗಾತೀರಕ್ಕೆ ಬಂದ ಇಲಿಗಳು: ವಿಕ್ಟೋರಿಯನ್ ವಿನೋದಪದ್ಯ ಮತ್ತು ಕನ್ನಡ

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಮಕ್ಕಳ ಪದ್ಯವು ನೀತಿಬೋಧೆಯ ಹೊರೆಯನ್ನು ಇಳಿಸಿ ನಾದದ ಆಟಕ್ಕೆ ತೊಡಗಿತು. ಎಡ್ವರ್ಡ್ ಲಿಯರ್‌ನ ‘ಎ ಬುಕ್ ಆಫ್ ನಾನ್ಸೆನ್ಸ್’ 1846ರಲ್ಲಿ ಪ್ರಕಟವಾಯಿತು. ಲೂಯಿಸ್ ಕ್ಯಾರಲ್‌ನ ಆಲಿಸ್ ಕಥೆ 1865ರಲ್ಲಿ. ಬಂಗಾಳಿಯಲ್ಲಿ ಸುಕುಮಾರ್ ರಾಯ್ ಅವರ ‘ಆಬೋಲ್ ತಾಬೋಲ್’ (1923) ಈ ಪರಂಪರೆಯ ನೇರ ಉತ್ತರಾಧಿಕಾರಿ. ಕನ್ನಡದಲ್ಲಿ ಇದರ ಜಾಡನ್ನು ಅರಸುವವರು ಮೊದಲು ನೋಡಬೇಕಾದುದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು.

ಇದರ ಮೂಲ ರಾಬರ್ಟ್ ಬ್ರೌನಿಂಗ್‌ನ ‘ದಿ ಪೈಡ್ ಪೈಪರ್ ಆಫ್ ಹ್ಯಾಮಲಿನ್’ (1842). ನಟ ಮ್ಯಾಕ್ರೆಡಿಯ ಅಸ್ವಸ್ಥ ಮಗನ ಮನರಂಜನೆಗಾಗಿ ಹುಟ್ಟಿದ ಕವನವಿದು. ಕಥೆಯುಳ್ಳ ಇದನ್ನು ಶುದ್ಧ ಅಸಂಬದ್ಧ ಪದ್ಯವೆನ್ನಲಾಗದು. ಆದರೂ ಅದರ ಚೇಷ್ಟೆಯ ಪ್ರಾಸ, ಉಸಿರುಗಟ್ಟಿಸುವ ಪಟ್ಟಿಗಳು ಲಿಯರ್‌ನ ಲೋಕಕ್ಕೆ ತೀರ ಸಮೀಪ.

ಸೀತೂರು, ಕೊಪ್ಪ, ಶೃಂಗೇರಿಗಳ ಸೀಮೆಗೆ ಈ ಕೃತಿಯೊಡನೆ ಹತ್ತಿರದ ನಂಟಿದೆ. ಕುವೆಂಪು 1904ರ ಡಿಸೆಂಬರ್ 29ರಂದು ಜನಿಸಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಆರಂಭದಲ್ಲಿ ಇಂಗ್ಲಿಷಿನಲ್ಲೇ ಬರೆಯುತ್ತಿದ್ದ ಅವರಿಗೆ ಮಾತೃಭಾಷೆಯಲ್ಲಿ ಬರೆಯುವಂತೆ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಬ್ರೌನಿಂಗ್‌ನ ವೇಸರ್ ನದಿ ಕುವೆಂಪು ಅವರ ಕೈಯಲ್ಲಿ ಶೃಂಗೇರಿಯ ಮುಂದೆ ಹರಿಯುವ ತುಂಗೆಯಾಯಿತು. ಕೊಳಲೂದುವವನು ಕಿಂದರಿ ನುಡಿಸುತ್ತ ಊರೂರು ತಿರುಗುವ ಜೋಗಿಯಾದನು.

ನಿಜವಾದ ರೂಪಾಂತರ ನಡೆದಿರುವುದು ಹೆಸರುಗಳಲ್ಲಲ್ಲ, ಭಾಷೆಯ ಒಡಲಲ್ಲಿ. ಬ್ರೌನಿಂಗ್ ಇಲಿಗಳ ನೆಂಟರಿಷ್ಟರನ್ನು ಎಣಿಸುತ್ತಾನೆ. ಅಲ್ಲಿ ಬಂಧುವಾಚಕಗಳು ಬಿಡಿಬಿಡಿಯಾಗಿಯೇ ನಿಲ್ಲುತ್ತವೆ. ಕುವೆಂಪು ಪ್ರತಿ ಬಂಧುವಾಚಕಕ್ಕೂ ‘ಇಲಿ’ಯನ್ನು ಬೆಸೆಯುತ್ತಾರೆ. ಪೂರ್ವಪದದ ಕೊನೆಯ ಸ್ವರ ಲೋಪವಾಗಿ, ಯಾವ ನಿಘಂಟಿನಲ್ಲೂ ಇಲ್ಲದ ಪ್ರಾಣಿಗಳು ಸಾಲುಸಾಲಾಗಿ ಜನಿಸುತ್ತವೆ. ‘ಶಬ್ದಮಣಿದರ್ಪಣ’ದಲ್ಲಿ ಕೇಶಿರಾಜ ಶಾಸ್ತ್ರವಾಗಿ ನಿರೂಪಿಸಿದ ಸಂಧಿಕಾರ್ಯವೇ ಇಲ್ಲಿ ನಗೆಯ ಯಂತ್ರ. ಎರಡು ಪದಗಳನ್ನು ಒತ್ತಿ ಒಂದಾಗಿಸಲು ಕ್ಯಾರಲ್ ಇಂಗ್ಲಿಷಿನ ರೂಢಿಯನ್ನು ಮುರಿಯಬೇಕಾಯಿತು. ಕನ್ನಡ ಕವಿಗೆ ವ್ಯಾಕರಣವನ್ನು ಪಾಲಿಸಿದರೆ ಸಾಕಾಯಿತು.

ಅರ್ಥವನ್ನು ಮರೆಸುವ ಮಾತು ಕನ್ನಡಕ್ಕೆ ಹೊಸದಲ್ಲ. ಅಲ್ಲಮನ ಬೆಡಗಿನ ವಚನ, ಕನಕದಾಸರ ಮುಂಡಿಗೆಗಳು ಇದಕ್ಕೆ ಸಾಕ್ಷಿ. ಆದರೆ ಅಲ್ಲಿ ಒಗಟಿನ ಹಿಂದೆ ತತ್ತ್ವವಿದೆ, ಟೀಕೆಗೆ ಅವಕಾಶವಿದೆ. ಇಲಿಗಳ ಪಟ್ಟಿಗೆ ಟೀಕೆ ಬರೆಯಲಾಗದು. ನಾದವೇ ಅದರ ಸಾರ್ಥಕತೆ. ಈ ನಿರುದ್ದಿಶ್ಯ ಆನಂದವನ್ನು ಲಿಖಿತ ಕಾವ್ಯದಲ್ಲಿ ಮಾನ್ಯಗೊಳಿಸಿದ್ದೇ ವಿಕ್ಟೋರಿಯನ್ ಪ್ರಭಾವದ ತಿರುಳು.

ನಾ. ಕಸ್ತೂರಿ ಆಲಿಸಳನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿಸಿದರು. ಕಿಂದರಿಜೋಗಿ ಮಕ್ಕಳ ರಂಗಭೂಮಿಯನ್ನೇರಿದನು. 1989ರಲ್ಲಿ ಚಲನಚಿತ್ರವೊಂದಕ್ಕೆ ಹೆಸರನ್ನೂ ಕೊಟ್ಟನು. ಬ್ರೌನಿಂಗ್‌ನ ಹೆಸರನ್ನೇ ಕೇಳದ ಮಕ್ಕಳೂ ಆ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುತ್ತಾರೆ. ‘ಅನುವಾದ’, ‘ಶಿಶುಸಾಹಿತ್ಯ’ ಎಂಬೆರಡು ಪದಗಳಲ್ಲಿ ಈ ಕೃತಿಯನ್ನು ಮುಗಿಸಿಬಿಡುವ ಅಧ್ಯಯನಕ್ರಮವು, ಎರವಲು ಬಂದದ್ದನ್ನು ಕನ್ನಡವು ತನ್ನ ಸಂಧಿಯಲ್ಲೇ ಕರಗಿಸಿಕೊಂಡ ಬಗೆಯನ್ನು ಕಾಣದೆ ಹೋಗುತ್ತದೆ.