ಕೂಲಿ ಕೇಳಿದಿರಿ, ಸೂರು ಕೇಳಿದಿರಾ?



ಜವಳಗಿರಿಯಲ್ಲಿ ಬಸ್ಸಿಗೆ ಕಾಯುತ್ತಾ ಐದು ನಿಮಿಷ ನಿಂತರೆ ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ಈ ಮೂರು ಭಾಷೆಗಳಲ್ಲೂ ಒಂದೇ ಗಾದೆ ಇರುವುದನ್ನು ನೀವು ಗಮನಿಸಿರಬಹುದು. ನಾವು ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎನ್ನುತ್ತೇವೆ. ತಮಿಳರು ‘ವೀಟ್ಟೈ ಕಟ್ಟಿ ಪಾರ್, ಕಲ್ಯಾಣಂ ಪಣ್ಣಿ ಪಾರ್’ ಎನ್ನುತ್ತಾರೆ. ತೆಲುಗರು ‘ಇಲ್ಲು ಕಟ್ಟಿ ಚೂಡು, ಪೆಳ್ಳಿ ಚೇಸಿ ಚೂಡು’ ಎನ್ನುತ್ತಾರೆ. ಈ ಗಾದೆ ಹೇಳಿದವರು ಊರಿನಲ್ಲೇ ಉಳಿದವರಿರಬೇಕು. ಊರು ಬಿಟ್ಟವರು ಹೇಳಿದ್ದರೆ ಮೂರನೆಯ ಮಾತೊಂದನ್ನು ಸೇರಿಸುತ್ತಿದ್ದರು: ಗೊತ್ತಿಲ್ಲದ ಊರಿಗೆ ಹೋಗಿ ಕೆಲಸವನ್ನೂ ಮಲಗುವ ಜಾಗವನ್ನೂ ಒಟ್ಟಿಗೆ ಹುಡುಕಿ ನೋಡು.

ನಮ್ಮ ಕಡೆ ರಾಗಿ ಕೊಯ್ದು ಕಣದ ಕೆಲಸ ಮುಗಿದ ಮೇಲೆ, ಮತ್ತೆ ಮಳೆ ಬೀಳುವ ತನಕ ಹೊಲದಲ್ಲಿ ಹೆಚ್ಚು ಕೆಲಸವಿರುವುದಿಲ್ಲ. ಆಗ ಹುಡುಗರು ಚೀಲವನ್ನು ಹೆಗಲಿಗೇರಿಸಿ ಹೊಸೂರಿಗೋ, ಆನೇಕಲ್ಲಿಗೋ, ಬೆಂಗಳೂರಿಗೋ ಹೊರಡುತ್ತಾರೆ. ಹೊರಡುವಾಗ ಎಲ್ಲರೂ ಕೇಳುವ ಮಾತು ‘ಸಂಬಳ ಎಷ್ಟಂತೆ?’ ಎಂದು. ‘ಮಲಗೋದು ಎಲ್ಲಪ್ಪಾ?’ ಎಂದು ಕೇಳುವವಳು ತಾಯಿ ಒಬ್ಬಳೇ. ತಾಯಿಯ ಆ ಪ್ರಶ್ನೆಗೂ ಒಂದು ಚರಿತ್ರೆ ಇದೆ. ಈ ಹೊತ್ತು ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಮೊದಲು ದೂರದ ದೇಶದ ಒಂದು ಸಂಗತಿ. ಅಮೆರಿಕದ ಐಡಹೊ ಎಂಬ ರಾಜ್ಯದ ಬೆಟ್ಟಗಳ ನಡುವೆ ಸನ್ ವ್ಯಾಲಿ ಎಂಬ ಊರಿದೆ. ಅಲ್ಲಿ ಚಳಿಗಾಲದಲ್ಲಿ ಬೆಟ್ಟವೆಲ್ಲ ಹಿಮದಿಂದ ಮುಚ್ಚಿಹೋಗುತ್ತದೆ. ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟಕ್ಕೆ ಸ್ಕೀಯಿಂಗ್ ಎಂದು ಹೆಸರು. 1936ರಲ್ಲಿ ಯೂನಿಯನ್ ಪೆಸಿಫಿಕ್ ಎಂಬ ರೈಲ್ವೆ ಕಂಪನಿ ಹಣವಂತರಿಗಾಗಿ ಅಲ್ಲೊಂದು ವಿಹಾರಧಾಮವನ್ನು ತೆರೆಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರ ಚಳಿಗಾಲದಲ್ಲಿ, ನೌಕಾಪಡೆಯಿಂದ ಬಿಡುಗಡೆಯಾಗಿದ್ದ ವಾರನ್ ಮಿಲ್ಲರ್ ಎಂಬ ಯುವಕ ತನ್ನ ಗೆಳೆಯ ವಾರ್ಡ್ ಬೇಕರನೊಡನೆ ಅಲ್ಲಿಗೆ ಬಂದ. ಇಬ್ಬರ ಕೈಯಲ್ಲೂ ಹೋಟೆಲಿಗೆ ಕೊಡುವಷ್ಟು ಹಣವಿರಲಿಲ್ಲ. ಕಾರಿನ ಹಿಂದೆ ಕಟ್ಟಿ ಎಳೆದು ತಂದ ಪುಟ್ಟ ಗಾಡಿಯೊಂದನ್ನು ವಾಹನ ನಿಲ್ಲಿಸುವ ಬಯಲಿನಲ್ಲೇ ನಿಲ್ಲಿಸಿ, ಇಡೀ ಚಳಿಗಾಲವನ್ನು ಅದರಲ್ಲೇ ಕಳೆದರು. ಹೋಟೆಲಿನಲ್ಲಿ ಪುಕ್ಕಟೆಯಾಗಿ ಸಿಗುತ್ತಿದ್ದ ಟೊಮೆಟೊ ಕೆಚಪ್ಪಿಗೆ ಬಿಸಿನೀರು ಬೆರೆಸಿ, ಅದನ್ನೇ ಸಾರೆಂದು ಕುಡಿದರು. ಮಿಲ್ಲರ್ ಮುಂದೆ ಈ ಆಟದ ಮೇಲೆ ನೂರಾರು ಚಿತ್ರಗಳನ್ನು ತೆಗೆದು ಹೆಸರಾಗಿ 2018ರಲ್ಲಿ ತೀರಿಕೊಂಡರು.

ಇಂಥವರಿಗೆ ಅಲ್ಲಿ ‘ಸ್ಕೀ ಬಮ್’, ಎಂದರೆ ಹಿಮದಾಟದ ಅಲೆಮಾರಿ, ಎಂದು ಹೆಸರು ಬಿತ್ತು. ಸಂಜೆ ಹೋಟೆಲಿನಲ್ಲಿ ತಟ್ಟೆ ತೊಳೆಯುವುದು, ಹಗಲು ಬೆಟ್ಟದಲ್ಲಿ ಜಾರುವುದು, ರಾತ್ರಿ ಒಂದು ಕೋಣೆಯಲ್ಲಿ ಐದಾರು ಮಂದಿ ಒತ್ತಿಕೊಂಡು ಮಲಗುವುದು. ಇಂದು ಆ ಊರುಗಳಲ್ಲಿ ಮನೆಗಳೆಲ್ಲ ಪ್ರವಾಸಿಗಳ ಪಾಲಾಗಿ, ದುಡಿಯುವವರಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟವಾಗಿದೆ. ಕಾರಿನಲ್ಲೇ ಮಲಗಿ ಬೆಳಿಗ್ಗೆ ಕೆಲಸಕ್ಕೆ ಹೋಗುವವರೂ ಇದ್ದಾರೆ. ಕೆಲಸ ಇರುವ ಊರಿನಲ್ಲಿ ಕೆಲಸಗಾರನಿಗೆ ಜಾಗ ಇದ್ದೇ ಇರುತ್ತದೆ ಎಂದು ಹೇಳುವಂತಿಲ್ಲ. ಆ ಹುಡುಗರು ಆಟದ ಆಸೆಗೆ ಹೋದರು, ನಮ್ಮವರು ಹೊಟ್ಟೆಗಾಗಿ ಹೋದರು. ಆದರೆ ಇಬ್ಬರ ಮುಂದೆಯೂ ಇದ್ದ ಪ್ರಶ್ನೆ ಒಂದೇ.

ಈಗ ನಮ್ಮ ಸೀಮೆಗೆ ಬರೋಣ. ಇಲ್ಲಿಂದ ಈಶಾನ್ಯಕ್ಕಿರುವ ಕೋಲಾರದ ಚಿನ್ನದ ಗಣಿಗಳನ್ನು 1880ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ದೊಡ್ಡದಾಗಿ ನಡೆಸತೊಡಗಿತು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಸೀಮೆಗಳಿಂದ ಸಾವಿರಾರು ಜನ ಅಲ್ಲಿಗೆ ಹೋದರು. ನಮ್ಮ ಹೊಸೂರು ಕೂಡ ಆಗ ಸೇಲಂ ಜಿಲ್ಲೆಯಲ್ಲೇ ಇತ್ತೆಂಬುದನ್ನು ನೆನಪಿಡಿ. ಹೋದವರಲ್ಲಿ ಹೆಚ್ಚಿನವರು ಭೂಮಿಯಿಲ್ಲದ ದಲಿತರು. ಊರಿನಲ್ಲಿ ಗೌಡರ ಹೊಲದ ಜೀತಕ್ಕಿಂತ ನೆಲದಡಿಯ ಕತ್ತಲೆಯೇ ಮೇಲೆಂದು ಹೊರಟವರು ಅವರು.

ಅವರಿಗೆ ಸಿಕ್ಕಿದ್ದು ತಟ್ಟಿ ಮನೆ. ಬಿದಿರಿನ ತಟ್ಟಿಯೇ ಗೋಡೆಯಾಗಿರುವ ಒಂದೇ ಕೋಣೆಯ ಗುಡಿಸಲುಗಳು. ಸಾಲು ಸಾಲಾಗಿದ್ದುದರಿಂದ ಅವುಗಳಿಗೆ ‘ಲೈನು’ ಎಂದು ಹೆಸರಾಯಿತು. ಮನೆ ಕಂಪನಿಯದು, ಮನೆ ನಿಂತ ನೆಲವೂ ಕಂಪನಿಯದೇ. ಕೆಲಸ ಇರುವ ತನಕ ಸೂರು, ಕೆಲಸ ಹೋದರೆ ಸೂರೂ ಹೋಯಿತು. ದುಡಿಯುವವನ ಜುಟ್ಟು ಹೀಗೆ ಎರಡು ಕಡೆಯಿಂದ ಕಂಪನಿಯ ಕೈಯಲ್ಲಿತ್ತು. ಆದರೂ ಅವರು ಸುಮ್ಮನಿರಲಿಲ್ಲ. 1930ರಲ್ಲಿ ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕೆಂದು ಕಂಪನಿ ಹೇಳಿದಾಗ, ಸಾವಿರಾರು ಮಂದಿ ಗಣಿಗೆ ಇಳಿಯದೆ ವಾರಗಟ್ಟಲೆ ಮುಷ್ಕರ ಹೂಡಿದರು.

ಗಣಿಗಳು 1956ರಲ್ಲಿ ಮೈಸೂರು ಸರಕಾರದ ಕೈಗೆ ಬಂದವು. ಮುಂದೆ ಕೇಂದ್ರ ಸರಕಾರದ ವಶವಾಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾದವು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಕೆಲಸ ಹೋಯಿತು, ಸಂಸಾರಗಳು ಮಾತ್ರ ಲೈನುಗಳಲ್ಲೇ ಉಳಿದವು. ನಾಲ್ಕು ತಲೆಮಾರು ಬಾಳಿದ ಮನೆ ಯಾರದು ಎಂಬ ಪ್ರಶ್ನೆ ಆಗ ಎದ್ದು ನಿಂತಿತು. ಮಾರಿಕುಪ್ಪಂ ನಿಲ್ದಾಣದಿಂದ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಅದೇ ಲೈನಿಗೆ ಮರಳುವ ಜೀವನ ಬಹಳ ಮಂದಿಯದಾಯಿತು. ಕೆಲಸ ಒಂದೂರಲ್ಲಿ, ಸೂರು ಇನ್ನೊಂದೂರಲ್ಲಿ.

ಚಿನ್ನದ ಗಣಿಯ ಕೆಲಸ ವರ್ಷವಿಡೀ ಇತ್ತು. ಕಾಫಿ ತೋಟದ್ದು ಹಾಗಲ್ಲ, ಅದು ಹಂಗಾಮಿನ ಕೆಲಸ. ಕೊಡಗು, ಚಿಕ್ಕಮಗಳೂರು ಸೀಮೆಯಲ್ಲಿ ನವೆಂಬರ್ ಡಿಸೆಂಬರಿನಿಂದ ಎರಡು ಮೂರು ತಿಂಗಳು ಹಣ್ಣು ಕೀಳಲು ಜನ ಬೇಕು. ಮೇಸ್ತ್ರಿ ಬಯಲುಸೀಮೆಯ ಹಳ್ಳಿಗಳಿಗೆ ಬಂದು, ಮುಂಗಡ ಕೊಟ್ಟು, ಸಂಸಾರ ಸಮೇತ ಕರೆದುಕೊಂಡು ಹೋಗುತ್ತಿದ್ದ. ಅಲ್ಲೂ ‘ಲೈನ್ ಮನೆ’ಯೇ. ಮುಂಗಡದ ಸಾಲ ತೀರುವ ತನಕ ಆ ಮನೆ ಬಿಟ್ಟು ಹೋಗುವಂತಿಲ್ಲ, ತೀರಿದ ಮೇಲೆ ಉಳಿಯುವಂತಿಲ್ಲ. ಸ್ವಾತಂತ್ರ್ಯ ಬಂದ ಮೇಲೆ, 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯು ದೊಡ್ಡ ತೋಟದ ಕೆಲಸಗಾರರಿಗೆ ವಸತಿ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಮಾಲೀಕನ ದಯೆಯಿಂದ ಸಿಗುತ್ತಿದ್ದ ಸೂರು ಕಾಗದದ ಮೇಲಾದರೂ ಕೆಲಸಗಾರನ ಹಕ್ಕಾಯಿತು. ಇದು ಸಣ್ಣ ಸಂಗತಿಯಲ್ಲ.

ಮೂರನೆಯ ಕಥೆ ಮುಂಬಯಿಯದು. ನಮ್ಮ ಕನ್ನಡದ ಜನ ಕೆಲಸ ಮತ್ತು ಸೂರು ಎರಡನ್ನೂ ಒಂದೇ ಬಾಗಿಲಲ್ಲಿ ಹುಡುಕಿಕೊಂಡ ಕಥೆ ಇದು. ದಕ್ಷಿಣ ಕನ್ನಡದ ಹುಡುಗರು ಮಂಗಳೂರಿನಿಂದ ಹಡಗು ಹತ್ತಿ, ಮುಂದೆ ಬಸ್ಸುಗಳಲ್ಲಿ ಮುಂಬಯಿ ಸೇರುತ್ತಿದ್ದರು. ಕೈಯಲ್ಲಿ ಇರುತ್ತಿದ್ದುದು ಊರಿನವರೊಬ್ಬರ ವಿಳಾಸ. ಆ ವಿಳಾಸ ಹೆಚ್ಚಾಗಿ ಒಂದು ಉಡುಪಿ ಹೋಟೆಲಿನದು. ಹುಡುಗ ಅಲ್ಲಿ ಲೋಟ ತೊಳೆಯಲು ಸೇರಿಕೊಳ್ಳುವನು, ಮುಂದೆ ಮೇಜು ಒರೆಸುವವನಾಗುವನು, ಬಳಿಕ ಮಾಣಿಯಾಗಿ ತಿಂಡಿ ಕೊಡುವನು. ಎರಡು ಹೊತ್ತು ಊಟ ಅಲ್ಲೇ. ರಾತ್ರಿ ಬಾಗಿಲು ಎಳೆದ ಮೇಲೆ ಅದೇ ಹೋಟೆಲಿನ ಬೆಂಚು, ಅದೇ ನೆಲ ಅವನ ಹಾಸಿಗೆ. ಬಾಡಿಗೆಯೇ ಇಲ್ಲದ್ದರಿಂದ ಸಂಬಳ ಎಷ್ಟು ಕಡಿಮೆಯಿದ್ದರೂ ಅದರಲ್ಲಿ ಸ್ವಲ್ಪ ಊರಿಗೆ ಹೋಗುತ್ತಿತ್ತು.

ಇದರಲ್ಲಿ ನೋವಿಲ್ಲ ಎಂದು ನಾನು ಹೇಳುವುದಿಲ್ಲ. ಹತ್ತು ಹನ್ನೆರಡು ವರ್ಷದ ಮಕ್ಕಳು ಬೆಳಗಿನ ಜಾವದಿಂದ ರಾತ್ರಿಯ ತನಕ ದುಡಿದದ್ದು ನಿಜ. ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದೆಂಬ ನಿಷೇಧ ಬಂದದ್ದು 2006ರ ಅಕ್ಟೋಬರ್ 10ರಿಂದ. ಆದರೆ ಆ ಕಾಲದ ಮುಂಬಯಿಯಲ್ಲಿ ಇನ್ನೊಂದು ಬಾಗಿಲೂ ತೆರೆದಿತ್ತು. ಅದು ರಾತ್ರಿ ಶಾಲೆ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ, ಅನಂತರ ಬಂದ ಬಿಲ್ಲವರ ಅಸೋಸಿಯೇಶನ್ ಮುಂತಾದ ಸಂಘಗಳು ದುಡಿಯುವ ಹುಡುಗರಿಗಾಗಿ ಕನ್ನಡದಲ್ಲಿ ರಾತ್ರಿ ಶಾಲೆಗಳನ್ನು ನಡೆಸಿದವು. ಸಂಜೆ ಪಾಳಿ ಮುಗಿಸಿ, ಎಣ್ಣೆ ಅಂಟಿದ ಕೈ ತೊಳೆದುಕೊಂಡು, ಹುಡುಗರು ಪಾಠಕ್ಕೆ ಕೂತರು. ಹಾಗೆ ಓದಿ ಗುಮಾಸ್ತರಾದವರು, ವಕೀಲರಾದವರು, ಸ್ವಂತ ಹೋಟೆಲು ತೆರೆದವರು ಎಷ್ಟೋ ಮಂದಿ. ಮಾತುಂಗಾದಲ್ಲಿ 1942ರಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರು ಕೂಡ ಎಳೆಯ ವಯಸ್ಸಿನಲ್ಲಿ ಊರು ಬಿಟ್ಟು, ಹೋಟೆಲಿನಲ್ಲಿ ಪಾತ್ರೆ ತೊಳೆದು ಮೇಲೆ ಬಂದವರೇ.

ಸನ್ ವ್ಯಾಲಿಯ ಯುವಕ ಸಂಜೆ ತಟ್ಟೆ ತೊಳೆದು ಹಗಲನ್ನು ತನ್ನದಾಗಿ ಉಳಿಸಿಕೊಂಡ. ಮುಂಬಯಿಯ ನಮ್ಮ ಹುಡುಗ ಹಗಲು ಲೋಟ ತೊಳೆದು ಸಂಜೆಯ ಎರಡು ಗಂಟೆಯನ್ನು ತನ್ನದಾಗಿ ಉಳಿಸಿಕೊಂಡ. ಧಣಿಯ ಸೂರಿನಡಿ ಮಲಗಿದರೂ ಅವನು ಧಣಿಯ ಆಳಾಗಿಯೇ ಉಳಿಯಲಿಲ್ಲ. ಅವನ ಬೆನ್ನಿಗೆ ಊರಿನವರ ಸಂಘವಿತ್ತು, ಕೈಯಲ್ಲಿ ಪುಸ್ತಕವಿತ್ತು. ಗಣಿಯ ಲೈನಿಗೂ ಹೋಟೆಲಿನ ಬೆಂಚಿಗೂ ಇರುವ ಅಂತರ ನನಗೆ ಕಾಣುವುದು ಇಲ್ಲಿ.

ಕೊನೆಗೆ ನಮ್ಮ ಹೊಸೂರು. 1971ರಲ್ಲಿ ಸ್ಥಾಪನೆಯಾದ ತಮಿಳುನಾಡು ಸರಕಾರದ ಸಿಪ್ಕಾಟ್ ಸಂಸ್ಥೆ ಇಲ್ಲಿ ಕೈಗಾರಿಕಾ ಪ್ರದೇಶವನ್ನು ತೆರೆಯಿತು. 1980ರಲ್ಲಿ ಅಶೋಕ್ ಲೇಲ್ಯಾಂಡಿನ ಕಾರ್ಖಾನೆ ಬಂತು. ಟಾಟಾ ಮತ್ತು ಟಿಡ್ಕೊ ಸೇರಿ 1984ರಲ್ಲಿ ಕಟ್ಟಿದ ಟೈಟನ್ ಕಂಪನಿ ಕೆಲವೇ ವರ್ಷಗಳಲ್ಲಿ ಇಲ್ಲಿ ಕೈಗಡಿಯಾರ ಮಾಡತೊಡಗಿತು. ಗಡಿಯಾರದ ಸೂಕ್ಷ್ಮ ಕೆಲಸಕ್ಕೆ ಆ ಕಂಪನಿಯು ಆಗತಾನೇ ಶಾಲೆ ಮುಗಿಸಿದ್ದ ಹಳ್ಳಿಯ ಹುಡುಗ ಹುಡುಗಿಯರನ್ನು ಆರಿಸಿತು. ತಂದೆತಾಯಿಯನ್ನು ಬಿಟ್ಟು ಒಂದು ದಿನವೂ ಇರದ ಈ ಮಕ್ಕಳು ಎಲ್ಲಿ ಇರಬೇಕು? ಕಂಪನಿಯು ಮನೆಗಳನ್ನು ಬಾಡಿಗೆಗೆ ಹಿಡಿದು, ಒಂದೊಂದು ಮನೆಯಲ್ಲಿ ಹಿರಿಯ ದಂಪತಿಗಳನ್ನು ಸಾಕುತಂದೆ ಸಾಕುತಾಯಿಯರಂತೆ ಇರಿಸಿತು. ‘ಮಲಗೋದು ಎಲ್ಲಪ್ಪಾ?’ ಎಂಬ ತಾಯಿಯ ಪ್ರಶ್ನೆಯನ್ನು ಕಾರ್ಖಾನೆಯೊಂದು ಮುಂಚಿತವಾಗಿಯೇ ಕೇಳಿಕೊಂಡ ಅಪರೂಪದ ಉದಾಹರಣೆ ಇದು.

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಗುತ್ತಿಗೆಯ ಮೇಲೆ ಬಂದವರು ವಠಾರದ ಒಂದು ಕೋಣೆಯಲ್ಲಿ ನಾಲ್ಕೈದು ಮಂದಿ ಸೇರಿಕೊಂಡರು. ಹಗಲು ಪಾಳಿಯವನು ಎದ್ದು ಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಬಂದು ಮಲಗಿದ. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು. 2020ರ ದಶಕದಲ್ಲಿ ನಮ್ಮ ಡೆಂಕಣಿಕೋಟೆ ತಾಲ್ಲೂಕಿಗೇ ಮೊಬೈಲ್ ಫೋನಿನ ಭಾಗಗಳನ್ನು ಮಾಡುವ ದೊಡ್ಡ ಕಾರ್ಖಾನೆ ಬಂತು. ಜಾರ್ಖಂಡದಂಥ ದೂರದ ರಾಜ್ಯಗಳಿಂದಲೂ ಹೆಣ್ಣುಮಕ್ಕಳು ಬಂದು ಹಾಸ್ಟೆಲುಗಳಲ್ಲಿದ್ದು ದುಡಿಯುತ್ತಾರೆ. ಒಂದು ಕಾಲಕ್ಕೆ ನಮ್ಮವರು ಕೋಲಾರದ ಗಣಿಯಲ್ಲಿ ಪರದೇಶಿಗಳಾಗಿದ್ದರು. ಈಗ ನಮ್ಮ ಊರಿನಲ್ಲಿ ಅವರು ಪರದೇಶಿಗಳು, ಕೋಣೆ ಬಾಡಿಗೆಗೆ ಕೊಡುವವರು ನಾವು. ಅವರಿಗೆ ಕೋಣೆ ಕೊಡುವಾಗ ನಮ್ಮ ಅಜ್ಜಂದಿರ ತಟ್ಟಿ ಮನೆ ನೆನಪಾದರೆ ಒಳ್ಳೆಯದು.

ಹಾಗಾದರೆ ಈ ಚರಿತ್ರೆಯಿಂದ ತಿಳಿಯಬೇಕಾದ್ದೇನು? ಕೂಲಿ ಕೊಡುವ ಕೈಯೇ ಸೂರನ್ನೂ ಕೊಟ್ಟರೆ, ಒಂದು ಕೆಲಸ ಹೋದ ದಿನ ಎರಡೂ ಹೋಗುತ್ತವೆ. ಸೂರು ಬೇರೆಯಾಗಿದ್ದರೆ ಬಾಡಿಗೆ ಕೂಲಿಯನ್ನು ತಿನ್ನುತ್ತದೆ. ಎರಡರಲ್ಲೂ ಅಪಾಯ ಉಂಟು. ಆದ್ದರಿಂದ ನಿಮ್ಮ ಮನೆಯ ಮಗನೋ ಮಗಳೋ ಹೊರಟು ನಿಂತಾಗ ಎರಡು ಪ್ರಶ್ನೆಗಳನ್ನೂ ಕೇಳಿ. ಸಂಬಳದಲ್ಲಿ ವಸತಿಗೆಂದು ಹಿಡಿಯುವುದೆಷ್ಟು? ಕೆಲಸ ಬಿಟ್ಟರೆ ಎಷ್ಟು ದಿನದಲ್ಲಿ ಜಾಗ ಖಾಲಿ ಮಾಡಬೇಕು? ಕೋಣೆ ಹಿಡಿಯುವುದಾದರೆ ಕರಾರು ಬರಹದಲ್ಲಿದೆಯೇ? ತಮಿಳುನಾಡಿನಲ್ಲಿ 2019ರಲ್ಲಿ ಜಾರಿಗೆ ಬಂದ ಬಾಡಿಗೆ ಕಾಯ್ದೆಯ ಪ್ರಕಾರ ಕರಾರು ಬರಹದಲ್ಲೇ ಇರಬೇಕು. ಅದರಲ್ಲಿ ಬೇರೆ ರೀತಿ ಒಪ್ಪಿಕೊಳ್ಳದಿದ್ದರೆ, ಮೂರು ತಿಂಗಳ ಬಾಡಿಗೆಗಿಂತ ಹೆಚ್ಚಿನ ಮುಂಗಡವನ್ನು ಕೇಳುವಂತಿಲ್ಲ. ಆದ್ದರಿಂದ ಓದಿ ನೋಡದೆ ಸಹಿ ಹಾಕಬೇಡಿ. ನಮಗೆ ಎರಡು ಭಾಷೆ ಬರುತ್ತದಲ್ಲ, ಅದು ಇಂಥಲ್ಲಿ ಉಪಯೋಗಕ್ಕೆ ಬರಲಿ. ತಮಿಳಿನ ಕರಾರನ್ನು ತಮಿಳಿನಲ್ಲೇ ಓದಿ, ಕನ್ನಡದಲ್ಲಿ ಮನೆಯವರಿಗೆ ತಿಳಿಸಿ ಹೇಳಿ.

ಕೊನೆಯದಾಗಿ ಇನ್ನೊಂದು ಮಾತು. ದಿನದಲ್ಲಿ ಒಂದೆರಡು ಗಂಟೆಯಾದರೂ ನಿಮ್ಮದೇ ಆಗಿ ಉಳಿಯುತ್ತದೆಯೇ ಎಂದೂ ನೋಡಿಕೊಳ್ಳಿ. ಮುಂಬಯಿಯ ಹುಡುಗರನ್ನು ಮೇಲೆತ್ತಿದ್ದು ಆ ಎರಡು ಗಂಟೆ.