ಕರ್ಜಗಿಯ ಅರ್ಕಾವೊತ್ತು ಮತ್ತು ಜಾಲಪುಟದ ಚಲನೆ

ಜಾಲಪುಟದ ಗುಂಡಿಯೊಂದರ ಮೇಲೆ ಮೌಸ್ ಇಟ್ಟರೆ ಅದರ ಬಣ್ಣ ಮೆಲ್ಲಮೆಲ್ಲನೆ ಬದಲಾಗುತ್ತದೆ. ಇಷ್ಟು ಸಣ್ಣ ಸಂಗತಿಗೂ ಒಂದು ಇತಿಹಾಸವಿದೆ. ಅದರಲ್ಲಿ ಕನ್ನಡ ಲಿಪಿಗೆ ಇನ್ನೂ ಬಗೆಹರಿಯದ ಒಂದು ತಕರಾರೂ ಇದೆ.

ಹೋಕಾನ್ ವಿಯುಮ್ ಲೀ ಸ್ಟೈಲ್ ಶೀಟಿನ ಪ್ರಸ್ತಾವ ಮುಂದಿಟ್ಟದ್ದು 1994ರಲ್ಲಿ. 1996ರ ಡಿಸೆಂಬರಿನಲ್ಲಿ ಅದರ ಮೊದಲ ಆವೃತ್ತಿ, ಸಿಎಸ್‌ಎಸ್ 1, ಅಧಿಕೃತವಾಯಿತು. ಬಣ್ಣ, ಅಳತೆ, ಅಂತರಗಳನ್ನು ಹೇಳಲು ಅದಕ್ಕೆ ಬರುತ್ತಿತ್ತು. ಕಾಲವನ್ನು ಹೇಳಲು ಬರುತ್ತಿರಲಿಲ್ಲ. ಚಲನೆ ಬೇಕಾದವರು ಫ್ಲ್ಯಾಶ್ ಅಥವಾ ಜಾವಾಸ್ಕ್ರಿಪ್ಟ್ ಮೊರೆಹೋಗುತ್ತಿದ್ದರು. 2007ರಲ್ಲಿ ವೆಬ್‌ಕಿಟ್ ತಂಡ ಸ್ಟೈಲ್ ಶೀಟಿಗೇ ಚಲನೆ ಕಲಿಸಿತು. 2009ರ ಮಾರ್ಚಿನಲ್ಲಿ ‘ಟ್ರಾನ್ಸಿಶನ್’ ನಿಯಮಗಳ ಮೊದಲ ಕರಡು ಬಂತು. ಮೊದಲ ಸ್ಥಿತಿ, ಕೊನೆಯ ಸ್ಥಿತಿ, ತಗಲುವ ಸಮಯ ಇಷ್ಟು ಹೇಳಿದರೆ ಸಾಕು, ನಡುವಿನ ಹೆಜ್ಜೆಗಳನ್ನು ಬ್ರೌಸರ್ ತಾನೇ ತುಂಬಿಕೊಳ್ಳುತ್ತದೆ. ವೇಗದ ಏರಿಳಿತಕ್ಕೆ ಬಳಸುವುದು ಬೆಜಿಯೇ ವಕ್ರರೇಖೆಯನ್ನು. 1960ರ ದಶಕದಲ್ಲಿ ರೆನೋ ಕಾರುಗಳ ಮೈಕಟ್ಟು ರೂಪಿಸಲು ಬಳಸಿದ ರೇಖೆ ಅದು. ನಮ್ಮ ಫಾಂಟುಗಳ ದುಂಡನೆಯ ಅಕ್ಷರಗಳನ್ನು ಬರೆಯುವುದೂ ಅದೇ ಜಾತಿಯ ರೇಖೆಗಳಿಂದ.

ಇಡೀ ಶೀರ್ಷಿಕೆ ಒಟ್ಟಿಗೆ ಮೂಡಿಬಂದರೆ ಕನ್ನಡಕ್ಕೆ ಯಾವ ತೊಂದರೆಯೂ ಇಲ್ಲ. ಇಂಗ್ಲಿಷಿನಂತೆ ಒಂದೊಂದೇ ಅಕ್ಷರವನ್ನು ಮೂಡಿಸಹೊರಟಾಗ ತೊಡಕು ಶುರುವಾಗುತ್ತದೆ. ಹಾವೇರಿ ಜಿಲ್ಲೆಯ ‘ಕರ್ಜಗಿ’ಯನ್ನೇ ನೋಡಿ. ಓದುವವರಿಗೆ ಅದು ಮೂರು ಅಕ್ಷರ. 1991ರಿಂದ ಕನ್ನಡವನ್ನು ಒಳಗೊಂಡಿರುವ ಯೂನಿಕೋಡಿನಲ್ಲಿ ಮಾತ್ರ ಅದು ಆರು ಸಂಕೇತ: ಕ, ರ, ವಿರಾಮ ಚಿಹ್ನೆ, ಜ, ಗ, ಇ-ಕಾರದ ಗುಡಿಸು. ಒಂದೊಂದನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು ಚಲಿಸಿದರೆ ಜಕಾರದ ಬಲಕ್ಕೆ ಕೂರಬೇಕಾದ ಅರ್ಕಾವೊತ್ತು ಮೂಡುವುದೇ ಇಲ್ಲ. ಗುಡಿಸು ಚುಕ್ಕೆಗಳ ವೃತ್ತದ ಮೇಲೆ ಒಂಟಿಯಾಗಿ ನಿಲ್ಲುತ್ತದೆ. ಊರಿನ ಹೆಸರು ಚೂರುಚೂರಾಗುತ್ತದೆ.

ಅಕ್ಷರಗಳ ಗಡಿ ಗುರುತಿಸುವ ಯೂನಿಕೋಡ್ ನಿಯಮ ಗುಡಿಸನ್ನು ಗಕಾರದ ಜೊತೆಗೇ ಉಳಿಸುತ್ತದೆ, ಒತ್ತಕ್ಷರವನ್ನು ಉಳಿಸುವುದಿಲ್ಲ. 2023ರ 15.1ನೇ ಆವೃತ್ತಿಯಲ್ಲಿ ಒತ್ತಕ್ಷರ ಒಡೆಯದಂತೆ ಹೊಸ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯಿಸಿತು. ಲಿಪಿಯಲ್ಲಿ ತೆಲುಗಿನ ಒಡಹುಟ್ಟಾದ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ.

ಹಾಗಾಗಿ ಕನ್ನಡ ಪುಟ ಕಟ್ಟುವವರು ಚಲನೆಯ ಘಟಕವಾಗಿ ಪದವನ್ನು ಆರಿಸಿಕೊಳ್ಳುವುದೇ ಕ್ಷೇಮ. ಪದಗಳ ನಡುವಿನ ತೆರಪನ್ನು ಯಾವ ಯಂತ್ರವೂ ಗುರುತಿಸಬಲ್ಲದು. ‘ಕರ್ಜಗಿ’ ಅರ್ಧ ಸೆಕೆಂಡಿನಲ್ಲಿ ಮೂಡಲಿ, ಎರಡು ಸೆಕೆಂಡಿನಲ್ಲಿ ಮೂಡಲಿ; ಮೂಡುವಾಗ ಅರ್ಕಾವೊತ್ತಿನ ಸಮೇತ ಮೂಡಬೇಕು.